‘ಶುಭಂ’ ಬಿದ್ದ ಮೇಲೂ ಕಥೆ ಉಳಿದಿತ್ತೇ?

ಮನೆಮಂದಿಯೆಲ್ಲ ಕೂತು ನೋಡುವ ಅನಿಮೇಷನ್ ಚಿತ್ರಕ್ಕೆ ಎರಡನೇ ಭಾಗ ಬರುತ್ತಿದೆ ಎಂದ ಕೂಡಲೇ ‘ಮೊದಲಿನಷ್ಟು ಇರಲ್ಲ ಬಿಡಿ’ ಎನ್ನುವುದು ರೂಢಿ. ಅದು ಅರ್ಧ ಮಾತ್ರ ನಿಜ. ‘ಟಾಯ್ ಸ್ಟೋರಿ 2’ (1999) ಮತ್ತು ‘ಕಾರ್ಸ್ 2’ (2011) ಎರಡೂ ಪಿಕ್ಸಾರ್‌ ಚಿತ್ರಗಳು, ಎರಡರ ನಿರ್ದೇಶಕರೂ ಜಾನ್ ಲ್ಯಾಸೆಟರ್. ಒಂದು ಮೊದಲ ಭಾಗವನ್ನೇ ಮೀರಿಸಿತು. ಇನ್ನೊಂದಕ್ಕೆ ಆಸ್ಕರ್‌ನ ಅನಿಮೇಷನ್ ವಿಭಾಗದಲ್ಲಿ ನಾಮನಿರ್ದೇಶನ ಕೂಡ ಸಿಗಲಿಲ್ಲ. ಆ ವಿಭಾಗ ಶುರುವಾದ ಮೇಲೆ ಪಿಕ್ಸಾರ್‌ಗೆ ಹಾಗಾದದ್ದು ಅದೇ ಮೊದಲು. ಸ್ಟುಡಿಯೊ ಒಂದೇ, ನಿರ್ದೇಶಕರೂ ಒಬ್ಬರೇ. ಎಡವಟ್ಟು ಆಗಿದ್ದು ಕಥೆಯ ಬುಡದಲ್ಲೇ.

ಮೊದಲ ಭಾಗ ಒಂದು ಪ್ರಶ್ನೆ ಎತ್ತಿ, ಅದಕ್ಕೆ ಉತ್ತರ ಕೊಟ್ಟು ಮುಗಿದಿರುತ್ತದೆ. ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ ನೋಡುವವರಿಗೆ ಉತ್ತರ ಗೊತ್ತೇ ಇದೆ. ಆ ಉತ್ತರದೊಳಗೇ ಅಡಗಿದ್ದ ಹೊಸ ತೊಡಕನ್ನು ಹುಡುಕಿದವರು ಮಾತ್ರ ಗೆಲ್ಲುತ್ತಾರೆ. ‘ಟಾಯ್ ಸ್ಟೋರಿ’ಯಲ್ಲಿ (1995) ವುಡಿ ಎಂಬ ಗೊಂಬೆಗೆ ಇದ್ದ ಭಯ, ಬಝ್‌ ಎಂಬ ಹೊಸ ಗೊಂಬೆ ಬಂದು ತನ್ನ ಜಾಗ ಕಿತ್ತುಕೊಳ್ಳುತ್ತದೆ ಎಂಬುದು. ಬಝ್‌ ಜೊತೆ ಗೆಳೆತನವಾಗಿ ಅದು ಕಳೆಯಿತು. ಎರಡನೇ ಭಾಗ ಕೇಳುವುದು ಬೇರೆಯದನ್ನೇ: ಯಾವ ಹೊಸ ಗೊಂಬೆಯೂ ಬರದೆ, ಗೊಂಬೆಗಳ ಒಡೆಯ ಆಂಡಿ ಎಂಬ ಹುಡುಗನೇ ದೊಡ್ಡವನಾದರೆ? ಜಪಾನಿನ ಮ್ಯೂಸಿಯಮ್ಮಿನ ಗಾಜಿನೊಳಗೆ ಎಂದೆಂದಿಗೂ ಹೊಸದಾಗಿ ಉಳಿಯಬಹುದು, ಇಲ್ಲವೇ ಆಂಡಿಯ ಜೊತೆ ಕೆಲವೇ ವರ್ಷ ಇರಬಹುದು. ವುಡಿ ಗೊತ್ತಿದ್ದೂ ಎರಡನೆಯದನ್ನು ಆರಿಸುತ್ತಾನೆ. ಮೂರನೇ ಭಾಗದಲ್ಲಿ (2010) ಆ ದಿನ ಬಂದೇ ಬಿಡುತ್ತದೆ, ಆಂಡಿ ಕಾಲೇಜಿಗೆ ಹೊರಟಿರುತ್ತಾನೆ. ಹಿಂದಿನ ಭಾಗ ಮಾಡಿಟ್ಟ ಸಾಲವನ್ನು ಮುಂದಿನದು ತೀರಿಸುತ್ತಾ ಹೋಗುವುದು ಎಂದರೆ ಇದು. ನಾಲ್ಕನೆಯದಕ್ಕೆ (2019) ತೀರಿಸಲು ಏನೂ ಉಳಿದಿರಲಿಲ್ಲ. ಆಂಡಿ ಅಷ್ಟು ಜತನದಿಂದ ಒಪ್ಪಿಸಿದ ವುಡಿಯನ್ನು ಬಾನಿ ಎಂಬ ಪುಟ್ಟ ಹುಡುಗಿ ಕಪಾಟಿನಲ್ಲೇ ಬಿಟ್ಟು ಆಡುವುದನ್ನು ತೋರಿಸಿಯೇ ಕಥೆ ಶುರು ಮಾಡಬೇಕಾಯಿತು. ಫೋರ್ಕಿ ಎಂಬ ಹೊಸ ಗೊಂಬೆಯ ದೃಶ್ಯಗಳು ಸೊಗಸಾಗಿವೆ, ಆಸ್ಕರ್ ಕೂಡ ಬಂತು. ಆದರೂ ಮೂರನೆಯದರ ಕೊನೆಯನ್ನು ಅದು ಹಿಂದಿನಿಂದ ಬಂದು ಸಡಿಲ ಮಾಡಿತು ಎಂಬ ನನ್ನ ತಕರಾರು ಹೋಗಿಲ್ಲ.

‘ಶ್ರೆಕ್ 2’ (2004) ಇನ್ನೂ ನೇರ. ಮೊದಲನೆಯದು ಮದುವೆಯಲ್ಲಿ ಮುಗಿದಿತ್ತು. ಎರಡನೆಯದು ಅತ್ತೆ ಮಾವನ ಮನೆ ಊಟದ ಮೇಜಿನಿಂದ ಕಾವೇರುತ್ತದೆ. ಮದುವೆಯಾದ ಮೇಲೆ ಏನಾಗುತ್ತದೆ ಎಂದು ಮದುವೆಯಾದ ಯಾರನ್ನು ಕೇಳಿದರೂ ಹೇಳುತ್ತಿದ್ದರು!

ಹಳೆಯ ಉತ್ತರದೊಳಗೆ ಹೊಸ ತೊಡಕಿನ ಬೀಜ ಹುಡುಕುವ ಕೆಲಸವನ್ನು ಅತ್ಯಂತ ಜಾಣತನದಿಂದ ಮಾಡಿದ್ದು ಮಾತ್ರ ‘ಕುಂಗ್ ಫು ಪಾಂಡಾ 2’ (2011). ಮೊದಲ ಭಾಗದಲ್ಲಿ (2008) ಪೋ ಎಂಬ ಪಾಂಡಾದ ಅಪ್ಪ ಪಿಂಗ್ ಒಂದು ಹೆಬ್ಬಾತು. ಅಲ್ಲಿ ಯಾರೂ ಅದರ ಬಗ್ಗೆ ಚಕಾರ ಎತ್ತುವುದಿಲ್ಲ. ಒಂದು ಕಡೆ ಪಿಂಗ್ ಗಂಭೀರನಾಗಿ ‘ನಿನಗೆ ಬಹಳ ಹಿಂದೆಯೇ ಹೇಳಬೇಕಿತ್ತು’ ಎಂದು ಶುರು ಮಾಡಿದಾಗ ನಾವೆಲ್ಲ ‘ನೀನು ನನ್ನ ಮಗನಲ್ಲ’ ಎನ್ನುತ್ತಾನೆ ಅಂದುಕೊಳ್ಳುತ್ತೇವೆ. ಅವನು ಹೇಳುವುದು ಸೂಪಿನ ಗುಟ್ಟು. ನಗು ಬರುತ್ತದೆ, ಮುಗಿಯುತ್ತದೆ. ಎರಡನೇ ಭಾಗ ಆ ನಗುವಿನ ಅಡಿಯಲ್ಲಿದ್ದ ಪ್ರಶ್ನೆಯನ್ನೇ ಎತ್ತಿಕೊಂಡಿತು: ಹಾಗಾದರೆ ಈ ಮಗು ಎಲ್ಲಿಂದ ಬಂತು? ಮೂಲಂಗಿ ತುಂಬಿದ ಪೆಟ್ಟಿಗೆಯಲ್ಲಿ ಸಿಕ್ಕಿದ ಮರಿ, ಅದರ ಹಿಂದೆ ಪಾಂಡಾಗಳ ಇಡೀ ಹಳ್ಳಿಯನ್ನೇ ಮುಗಿಸಿದ ನವಿಲು. ಖಳನೂ ನಾಯಕನೂ ಒಂದೇ ಗಾಯದ ಎರಡು ತುದಿಯಲ್ಲಿ ನಿಲ್ಲುತ್ತಾರೆ. ಮೊದಲ ಭಾಗದ ಆರಂಭದ ಕನಸಿನ ದೃಶ್ಯವನ್ನು ಎರಡು ಆಯಾಮದ ಚಿತ್ರಗಳಲ್ಲಿ ನಿರ್ದೇಶಿಸಿದ್ದ ಜೆನ್ನಿಫರ್ ಯೂ ನೆಲ್ಸನ್ ಅವರೇ ಇಲ್ಲಿ ಇಡೀ ಚಿತ್ರದ ನಿರ್ದೇಶಕಿ. ಪೋನ ಹಳೆಯ ನೆನಪುಗಳು ಬರುವುದು ಅದೇ ಬಗೆಯ ಕೈಚಿತ್ರಗಳಲ್ಲಿ. ಆಗ ತಮಾಷೆಗೆ ಬಳಸಿದ್ದ ಶೈಲಿ ಈಗ ಕರುಳು ಹಿಂಡುತ್ತದೆ.

ಇನ್ನೊಂದು ಸಂಗತಿ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಮೊದಲ ಭಾಗದಲ್ಲಿ ನಾಯಕ ತೆತ್ತ ಬೆಲೆ ಎರಡನೆಯದರಲ್ಲೂ ಉಳಿದಿರಬೇಕು. ‘ಹೌ ಟು ಟ್ರೇನ್ ಯುವರ್ ಡ್ರ್ಯಾಗನ್’ (2010) ಮುಗಿಯುವಾಗ ಹಿಕಪ್ ಒಂದು ಕಾಲು ಕಳೆದುಕೊಂಡಿರುತ್ತಾನೆ. ಎರಡನೇ ಭಾಗದಲ್ಲಿ (2014) ಅವನಿಗೆ 20 ವರ್ಷ. ನಡೆಯಲು ಒಂದು ತುದಿ, ಹಾರಲು ಇನ್ನೊಂದು ತುದಿ ಇರುವ ಲೋಹದ ಕಾಲನ್ನು ತಾನೇ ಮಾಡಿಕೊಂಡಿದ್ದಾನೆ. ಐದು ವರ್ಷ ಕಳೆದಿದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದೇ ಬೇಡ. ಇದಕ್ಕೆ ತದ್ವಿರುದ್ಧ ನಾಲ್ಕನೇ ‘ಶ್ರೆಕ್’ (2010). ಒಪ್ಪಂದವೊಂದಕ್ಕೆ ಸಹಿ ಹಾಕಿ ಶ್ರೆಕ್ ಹುಟ್ಟೇ ಇಲ್ಲದ ಬೇರೆ ಲೋಕದಲ್ಲಿ ಕಥೆ ನಡೆಯುತ್ತದೆ, ಕೊನೆಯಲ್ಲಿ ಎಲ್ಲವೂ ಅಳಿಸಿಹೋಗುತ್ತದೆ. ಅಲ್ಲಿ ಏನೇ ಆದರೂ ಅಳಿಸಿಹೋಗುವುದೇ ತಾನೆ ಎಂಬುದು ಮಕ್ಕಳಿಗೂ ಗೊತ್ತಾಗುತ್ತದೆ.

‘ಇನ್‌ಕ್ರೆಡಿಬಲ್ಸ್ 2’ (2018) ಇವೆರಡರ ನಡುವೆ ತೂಗಾಡುತ್ತದೆ. 14 ವರ್ಷ ಬಿಟ್ಟು ಬಂದರೂ ಮೊದಲನೆಯದು ನಿಂತ ಕ್ಷಣದಿಂದಲೇ ಶುರು. ಆದರೆ ಗೆದ್ದ ಸೂಪರ್‌ಹೀರೊ ಕುಟುಂಬ ಮತ್ತೆ ಕಾನೂನುಬಾಹಿರ. ಮಗಳು ವಯೊಲೆಟ್ ಧೈರ್ಯ ಮಾಡಿ ಮಾತಾಡಿಸಿದ್ದ ಹುಡುಗನ ನೆನಪನ್ನೇ ಅಳಿಸಿ ಆ ಎಳೆಯನ್ನೂ ಮೊದಲಿಗೇ ತಂದು ನಿಲ್ಲಿಸಿದ್ದಾರೆ. ಖಳ ಯಾರೆಂದು ದೊಡ್ಡವರಿಗೆ ಅರ್ಧದಲ್ಲೇ ಹೊಳೆದುಬಿಡುತ್ತದೆ. ಉಳಿಸಿದ್ದು ತಾಯಿ ಹೆಲೆನ್ ಬೈಕಿನಲ್ಲಿ ರೈಲು ಅಟ್ಟಿಸಿಕೊಂಡು ಹೋಗುವ ದೃಶ್ಯ, ಮತ್ತೆ ಜ್ಯಾಕ್-ಜ್ಯಾಕ್ ಮಗು ರಕೂನ್ ಜೊತೆ ಕಾದಾಡುವ ಆ ಕೆಲವು ನಿಮಿಷ.

ಈಗ ‘ಕಾರ್ಸ್ 2’. ಜನ ಮೆಚ್ಚಿದ ಕಾಮಿಡಿ ಪಾತ್ರವನ್ನು ನಾಯಕನನ್ನಾಗಿ ಮಾಡುವುದು ಸೀಕ್ವೆಲ್‌ಗಳ ದೊಡ್ಡ ಗುಂಡಿ. ಇಲ್ಲಿನ ಕಾಮಿಡಿ ಪಾತ್ರ ಮೇಟರ್‌ನಂಥವನ ಕೆಲಸ ಬದಲಾಗದೇ ಇರುವುದು. ನಾಯಕ ಬದಲಾಗುತ್ತಾನೆ, ಇವನು ಪಕ್ಕದಲ್ಲಿ ಹಾಗೇ ಇದ್ದು ನಗಿಸುತ್ತಾನೆ. ಇಡೀ ಸಿನಿಮಾ ಅವನ ಹೆಗಲ ಮೇಲೆ ಬಿದ್ದರೆ, ಅವನು ಬದಲಾದಾಗ ನಗು ಹೋಗುತ್ತದೆ, ಬದಲಾಗದಿದ್ದರೆ ಕಥೆ ಹೋಗುತ್ತದೆ. ‘ಕಾರ್ಸ್ 2’ ಎರಡನೆಯದನ್ನು ಆರಿಸಿಕೊಂಡು, ಮೇಲೊಂದು ಗೂಢಚಾರಿ ಕಥೆ ಹೊದಿಸಿತು. ಆದರೆ ಇದಕ್ಕೂ ದಾರಿ ಇದೆ: ಪಾತ್ರದ ತಮಾಷೆಯನ್ನೇ ಅದರ ನೋವಾಗಿ ತಿರುಗಿಸುವುದು. ಡೋರಿ ಎಂಬ ಮೀನಿನ ಮರೆವು ‘ಫೈಂಡಿಂಗ್ ನೀಮೊ’ದಲ್ಲಿ (2003) ನಗೆಯ ಸರಕು, ‘ಫೈಂಡಿಂಗ್ ಡೋರಿ’ಯಲ್ಲಿ (2016) ಅಪ್ಪ ಅಮ್ಮ ಯಾರೆಂದೇ ನೆನಪಿಲ್ಲದ ಮಗುವಿನ ಸಂಕಟ. ‘ಪುಸ್ ಇನ್ ಬೂಟ್ಸ್: ದಿ ಲಾಸ್ಟ್ ವಿಶ್’ (2022) ಬೆಕ್ಕಿನ ಜಂಬವನ್ನೇ ಹಿಡಿದು, ಒಂಬತ್ತರಲ್ಲಿ ಎಂಟು ಜೀವ ಮುಗಿಸಿ, ಎದುರಿಗೆ ಸಾವನ್ನೇ ತೋಳವಾಗಿ ನಿಲ್ಲಿಸಿತು. ಹೊಡೆದಾಟದಲ್ಲಿ ಸೆಕೆಂಡಿಗೆ 24ರ ಬದಲು 12 ಭಂಗಿ ಮಾತ್ರ ಬಳಸಿದ್ದರಿಂದ, ಪ್ರತಿ ಭಂಗಿ ಎರಡು ಫ್ರೇಮ್ ನಿಂತು, ಏಟಿಗೆ ಒಂದು ಬಗೆಯ ಚುರುಕು ಬಂದಿದೆ. ಹೊಸ ಭಾಗಕ್ಕೆ ಹೊಸ ಕಣ್ಣೂ ಬೇಕು ಎಂದು ಅವರಿಗೆ ಹೊಳೆದಿತ್ತು.

ವಿವರಣೆಯ ರೋಗ ಬೇರೆ ಇದೆ. ‘ಫ್ರೋಜನ್’ (2013) ನೋಡಿ ಹೊರಬಂದಾಗ ನಾಯಕಿ ಎಲ್ಸಾಗೆ ಹಿಮ ಸೃಷ್ಟಿಸುವ ಆ ಶಕ್ತಿ ಎಲ್ಲಿಂದ ಬಂತು ಎಂಬುದು ಅಷ್ಟಾಗಿ ಕಾಡುವ ಪ್ರಶ್ನೆಯಲ್ಲ. ‘ಫ್ರೋಜನ್ 2’ (2019) ಅದಕ್ಕೇ ಉತ್ತರ ಹುಡುಕಲು ಹೊರಟು ಕಾಡು, ಅಣೆಕಟ್ಟು, ಅಜ್ಜನ ದ್ರೋಹ, ಐದನೇ ಶಕ್ತಿ ಎಂದು ಸುತ್ತಿತು. ಹಾಡುಗಳು ಚೆನ್ನಾಗಿವೆ. ಬೆರಗು ಮಾತ್ರ ಕುಗ್ಗಿತು. ಹೋಲಿಸಿದರೆ ‘ಇನ್‌ಸೈಡ್ ಔಟ್ 2’ (2024) ಪುಣ್ಯವಂತ ಚಿತ್ರ. ಮೊದಲನೆಯದರ ಕೊನೆಯಲ್ಲೇ, ಹುಡುಗಿಯ ತಲೆಯೊಳಗೆ ಭಾವನೆಗಳು ಕೂತು ನಡೆಸುವ ಹೊಸ ಕಂಟ್ರೋಲ್ ಬೋರ್ಡಿನಲ್ಲಿ ಹರೆಯದ ಗುಂಡಿ ಇಟ್ಟು ಹೋಗಿದ್ದರು. ಅದನ್ನು ಒತ್ತಿದ್ದೇ ತಡ, 13 ವರ್ಷದ ರೈಲಿಯ ತಲೆಯೊಳಗೆ ಆತಂಕ ಬಂದು ಕೂರುತ್ತದೆ.

ಇನ್ನು ತಯಾರಿಕೆಯ ಕಡೆಯ ತೊಂದರೆ. ಪಾತ್ರಗಳ ಕಂಪ್ಯೂಟರ್ ಮಾಡೆಲ್ ಸಿದ್ಧವಿದೆ, ಹಾಗಾಗಿ ಕೆಲಸ ಅರ್ಧ ಮುಗಿದಂತೆ ಎಂದು ತಿಳಿಯುವವರಿದ್ದಾರೆ. ‘ಟಾಯ್ ಸ್ಟೋರಿ 3’ ಶುರು ಮಾಡಿದಾಗ ಹಳೆಯ ಫೈಲುಗಳು ತೆರೆದುಕೊಂಡರೂ ತಿದ್ದಲು ಬರದೆ, ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾಯಿತು. ಮಕ್ಕಳ ದನಿ ಒಡೆದಿರುತ್ತದೆ. ನೀಮೊಗೂ ‘ಇನ್‌ಕ್ರೆಡಿಬಲ್ಸ್’ನ ಹುಡುಗ ಡ್ಯಾಶ್‌ಗೂ ಎರಡನೇ ಭಾಗದಲ್ಲಿ ಬೇರೆ ಹುಡುಗರು ದನಿ ಕೊಟ್ಟರು. ಹೆಚ್ಚು ಹಾನಿ ಮಾಡುವುದು ಟಿವಿ ಸರಣಿಗೆಂದು ಬರೆದದ್ದನ್ನು ಸಿನಿಮಾ ಮಾಡುವ ಅಭ್ಯಾಸ. ಅಲಾದ್ದೀನನ ‘ರಿಟರ್ನ್ ಆಫ್ ಜಫರ್’ (1994) ಹೀಗೆ ಹುಟ್ಟಿ ನೇರ ವಿಡಿಯೊ ಕ್ಯಾಸೆಟ್ಟಿಗೆ ಹೋಯಿತು, ಜೀನಿಗೆ ರಾಬಿನ್ ವಿಲಿಯಮ್ಸ್ ದನಿಯೂ ಇರಲಿಲ್ಲ. ‘ಅಟ್ಲಾಂಟಿಸ್: ಮೈಲೋಸ್ ರಿಟರ್ನ್’ (2003) ನಿಂತುಹೋದ ಸರಣಿಯ ಮೂರು ಕಂತುಗಳ ಜೋಡಣೆ. ‘ಮೋವಾನಾ 2’ (2024) ಕೂಡ ಮೊದಲು ಸರಣಿಯಾಗಬೇಕಿತ್ತು. ದೋಣಿ ಹತ್ತಿದ ಹೊಸಬರಿಗೆ ತಲಾ ಒಂದೊಂದು ಗುಣ ಅಂಟಿಸಿ, ಆಮೇಲೆ ಮಾಡಲು ಹೆಚ್ಚೇನೂ ಕೊಟ್ಟಿಲ್ಲ. ಹೊಲಿಗೆ ಗುರುತಿಸುವುದು ಸುಲಭ: ಪ್ರತಿ 20–25 ನಿಮಿಷಕ್ಕೊಂದು ಸಣ್ಣ ಕಂಟಕ ಬಂದು, ತಾನೇ ಬಗೆಹರಿದು, ಮುಂದಿನದಕ್ಕೆ ಏನೂ ದಾಟಿಸದೆ ಹೋಗುತ್ತದೆ. ನೇರ ವಿಡಿಯೊಗೆ ಬಂದ ಮುಂದಿನ ಭಾಗಗಳ ಪೈಕಿ ಮರ್ಯಾದೆ ಉಳಿಸಿಕೊಂಡದ್ದು ‘ದಿ ಲಯನ್ ಕಿಂಗ್ 1½’ (2004). ಹಳೆಯ ಕಥೆಯನ್ನೇ ಟಿಮೋನ್–ಪುಂಬಾ ಕಣ್ಣಿನಿಂದ ಮತ್ತೆ ಹೇಳಿದ್ದರಿಂದ ಮುಂದುವರಿಸುವ ಗೊಡವೆಯೇ ಅದಕ್ಕಿರಲಿಲ್ಲ.

ಹಾಗೆಂದು ‘ಟಾಯ್ ಸ್ಟೋರಿ 2’ ನೆಮ್ಮದಿಯಾಗಿ ಹುಟ್ಟಿದ್ದೇನಲ್ಲ. ಅದೂ ವಿಡಿಯೊಗೆಂದೇ ಶುರುವಾಗಿ, ಥಿಯೇಟರಿಗೆ ಬಡ್ತಿ ಪಡೆದು, ಕಥೆ ಸರಿಯಿಲ್ಲವೆಂದು ಸುಮಾರು ಒಂಬತ್ತು ತಿಂಗಳಲ್ಲಿ ಪುನಃ ಕಟ್ಟಿದ ಚಿತ್ರ. ಗಡುವು ಬದಲಾಗಲಿಲ್ಲ, ಕೆಲಸಗಾರರ ಕೈ ಬೆರಳು ನೋವು ಹಿಡಿದವು. ಬದಲಾದದ್ದು ಕಥೆ.

ಮಕ್ಕಳಿಗೆ ತೋರಿಸುವವರಿಗೆ: ‘ಟಾಯ್ ಸ್ಟೋರಿ’ ಮೂರನ್ನೂ ಬಿಡುಗಡೆಯಾದ ಕ್ರಮದಲ್ಲೇ ನೋಡಿ, ಮೂರನೆಯದರ ಕಸದ ಕುಲುಮೆಯ ದೃಶ್ಯಕ್ಕೆ ಚಿಕ್ಕವರ ಪಕ್ಕ ಯಾರಾದರೂ ಕೂತಿರಿ. ‘ಲಾಸ್ಟ್ ವಿಶ್’ನ ತೋಳ ಐದಾರು ವರ್ಷದವರನ್ನು ಹೆದರಿಸಬಹುದು. ಶ್ರೆಕ್ ಎರಡಕ್ಕೆ ಸಾಕು. ಡ್ರ್ಯಾಗನ್ ಎರಡನೇ ಭಾಗದಲ್ಲಿ ಹಿಕಪ್‌ನ ಅಪ್ಪ ಸಾಯುತ್ತಾನೆ, ಮೊದಲೇ ಗೊತ್ತಿರಲಿ. ‘ಸ್ಪೈಡರ್-ಮ್ಯಾನ್: ಅಕ್ರಾಸ್ ದಿ ಸ್ಪೈಡರ್-ವರ್ಸ್’ (2023) ಕಣ್ಣಿಗೆ ಹಬ್ಬ, ಆದರೆ 140 ನಿಮಿಷ ಕೂತ ಮೇಲೂ ಕಥೆ ಮುಗಿಯದೆ ನಡುವೆಯೇ ತುಂಡಾಗುತ್ತದೆ. ಅದನ್ನು ಮಕ್ಕಳಿಗೆ ಶುರುವಾಗುವ ಮುಂಚೆಯೇ ಹೇಳಿಬಿಡಿ.