ರೋಡ್ ಐತಲ್ಲ ಅಜ್ಜಾ

"ಗೌಡ್ರ, ಕುರಿ ಯಾ ಕಡಿಂದ ದಾಟಸ್ಲಿರಿ?"

"ರೋಡ್ ಐತಲ್ಲ ಅಜ್ಜಾ."

ಇಷ್ಟೇ ಮಾತು. ಕೇಳಿದವನು ಬೆಳಗಾವಿ ಕಡೆಯಿಂದ ಮಂದೆ ಹೊಡ್ಕೊಂಡು ಬಂದಿದ್ದ ಕುರಿಗಾರ ಅಜ್ಜ, ಉತ್ತರ ಕೊಟ್ಟವರು ನಮ್ಮ ಮಾವ, ಅಂದರೆ ಅಕ್ಕನ ಗಂಡ. ಜಗಳ ಇಲ್ಲ, ಏರುದನಿ ಇಲ್ಲ. ಮಾವ ಅಂದದ್ದರಲ್ಲಿ ಸುಳ್ಳೂ ಇಲ್ಲ, ರೋಡ್ ಇದ್ದೇ ಇತ್ತು. ಆದರೂ ಊರಿಂದ ವಾಪಸ್ ಬಂದ ಮೇಲೆ ಈ ವಾರವೆಲ್ಲ ನನಗೆ ಅದೇ ಕೇಳಿಸುತ್ತಿದೆ.

ಅಕ್ಕನ ಊರು ರಾಣೆಬೆನ್ನೂರು ತಾಲ್ಲೂಕಿನಲ್ಲಿ. ಊರ ಹೊರಗೆ ಗುಡ್ಡದ ಬುಡದವರೆಗೂ ಗೋಮಾಳ ಇತ್ತು. ಕರಡ ಹುಲ್ಲು, ನಡುನಡುವೆ ಜಾಲಿ, ಕಾರೆ, ಬಾರೆಹಣ್ಣಿನ ಗಿಡ. ಸಂಜೆ ಹೊತ್ತು ಚಿಗರಿಗಳು, ಅಂದರೆ ಕೃಷ್ಣಮೃಗಗಳು, ಬಂದು ನಿಲ್ಲುತ್ತಿದ್ದವು. ಈ ಸಲ ನೋಡಿದರೆ ಮುಕ್ಕಾಲು ಪಾಲು ಗೋವಿನಜೋಳದ (ಮೆಕ್ಕೆಜೋಳದ) ಕೂಳೆ, ಸುತ್ತ ತಂತಿಬೇಲಿ. ಸುಗ್ಗಿ ಮುಗಿದ ಮೇಲೆ ಮಂದೆಗಳು ಹಾದುಹೋಗುತ್ತಿದ್ದ ದಾರಿ ಆ ಗೋಮಾಳದ ನಡುವೆಯೇ ಇತ್ತು. ಬೇಲಿ ಹತ್ತಿರ ಬಂದು ನಿಂತ ಅಜ್ಜ ಅದನ್ನೇ ಕೇಳಿದ್ದು.

ಇನ್ನು ಮಾವ ತೋರಿಸಿದ ರೋಡು. ಅದರ ಅರ್ಧಕ್ಕೆ ಕಲ್ಲು ಸಾಲಾಗಿಟ್ಟು ಊರವರೆಲ್ಲ ಗೋವಿನಜೋಳ ಹರವಿದ್ದರು. ಉಳಿದರ್ಧದಲ್ಲಿ ಟ್ರ್ಯಾಕ್ಟರ್, ಬೈಕು, ಒಂದು ಲಾರಿ. ಅಜ್ಜ ಬೇರೆ ದಾರಿ ಇಲ್ಲದೆ ಮಂದೆಯನ್ನು ಅಲ್ಲಿಗೇ ಇಳಿಸಿದ. ಮುಂದಿನ ನಾಲ್ಕಾರು ಕುರಿ ತಲೆ ತಗ್ಗಿಸಿದವು, ಹಿಂದಿನವೆಲ್ಲ ಕಾಳಿನ ಮೇಲೆ ಬಿದ್ದವು. ನಮ್ಮ ಅಳಿಯ, ಅಕ್ಕನ ಮಗ, ಕೈಯಲ್ಲಿದ್ದ ಹಾರೆ ಎತ್ತಿಕೊಂಡು ಬೈಯುತ್ತ ಓಡಿದ. ಅಜ್ಜ ಅವನಿಗಿಂತ ಜೋರಾಗಿ ಓಡಿದ, ಅವನ ಗಾಬರಿ ಬೇರೆ. ಕಾಳು ಮಿತಿಮೀರಿ ತಿಂದ ಕುರಿಗೆ ಹೊಟ್ಟೆಯಲ್ಲಿ ಹುಳಿಯೇರಿ ಉಬ್ಬರ ಬರುತ್ತದೆ, ಒಂದೆರಡು ದಿನದಲ್ಲಿ ಸಾಯಲೂಬಹುದು. ಕುರಿಗಳ ಬಾಯಿಗೆ ಕೈ ಹಾಕಿ ಕಾಳು ತೆಗೆಯುತ್ತಿದ್ದ ಅವನು. ಹಿಂದೆ ನಿಂತ ಲಾರಿಯವನು ಹಾರ್ನ್ ಮೇಲಿಂದ ಕೈ ತೆಗೆಯಲೇ ಇಲ್ಲ.

ನಮ್ಮ ಮಾವ ಕೆಟ್ಟವರಲ್ಲ. ಮಾತು ದೊಡ್ಡದು, ಕೈ ಸ್ವಲ್ಪ ಬಿಗಿ, ಆದರೆ ಬಾಗಿಲಿಗೆ ಬಂದವರನ್ನು ಊಟ ಮಾಡಿಸದೆ ಕಳಿಸಿದವರಲ್ಲ. ಹಿಂದೆ ಇದೇ ಮಾವ ಕುರಿಗಾರರಿಗೆ ಕಾಳು ಕೊಟ್ಟು, ದುಡ್ಡು ಕೊಟ್ಟು ತಮ್ಮ ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಿದ್ದರು, ಗೊಬ್ಬರಕ್ಕೆ. ಈಗ ಗೊಬ್ಬರ ಚೀಲದಲ್ಲಿ ಬರುತ್ತದೆ. ಅಳಿಯನ ಬಗ್ಗೆ ನನಗೆ ಅಷ್ಟು ಒಳ್ಳೆಯ ಅಭಿಪ್ರಾಯವಿಲ್ಲ. ಟ್ರ್ಯಾಕ್ಟರ್ ಕಂತು ಕಟ್ಟೋದು ಮಾವ, ಅದರ ಮೇಲೆ ಕೂತು ರೀಲ್ಸ್ ಮಾಡೋದು ಇವನು. ಗೋಮಾಳಕ್ಕೆ ಮೊದಲು ರೋಟವೇಟರ್ ಇಳಿಸಿದವನೂ ಇವನೇ ಅಂತೆ.

ಗೋವಿನಜೋಳ ಗೋಮಾಳದವರೆಗೂ ಬಂದದ್ದರ ಹಿಂದೆ ಎಥನಾಲ್ ಇದೆ, ಅಂದರೆ ಪೆಟ್ರೋಲಿಗೆ ಬೆರೆಸಲು ಕಾಳು, ಕಬ್ಬಿನಿಂದ ಮಾಡುವ ಮದ್ಯಸಾರ. ಹಾಗಂತ ಇದು ಎಥನಾಲ್‌ಗಾಗಿಯೇ ಬಂದ ಬೆಳೆಯೇನಲ್ಲ. ಕೋಳಿ ಫಾರಂಗಳಿಗೆ ಮೇವಾದ ಕಾಲದಿಂದ ಹಾವೇರಿ, ದಾವಣಗೆರೆ ಸೀಮೆಯನ್ನು ಆಳುತ್ತಿದೆ. 2018ರಲ್ಲಿ ಶಿವಮೊಗ್ಗದ ಹೊಲಗಳಲ್ಲಿ ದೇಶದಲ್ಲೇ ಮೊದಲ ಸಲ ಫಾಲ್ ಸೈನಿಕ ಹುಳು (ಫಾಲ್ ಆರ್ಮಿವರ್ಮ್) ಕಾಣಿಸಿಕೊಂಡಾಗಲೂ ರೈತರು ಇದನ್ನು ಬಿಡಲಿಲ್ಲ, ಔಷಧಿ ಹೊಡೆಯುತ್ತ ಬೆಳೆದರು. ಅದೇ 2018ರ ಜೈವಿಕ ಇಂಧನ ನೀತಿ 2030ಕ್ಕೆ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಎಂದಿತು. ಆಮೇಲೆ ಗುರಿಯನ್ನು 2025-26ಕ್ಕೆ ಎಳೆದರು. ಗೋವಿನಜೋಳದ ಎಥನಾಲ್‌ಗೆ ಲೀಟರಿಗೆ 71.86 ರೂಪಾಯಿ ನಿಗದಿಯಾಯಿತು. ಕೋಳಿಯ ಜತೆಗೆ ಎಥನಾಲ್ ಮಾಡುವ ಡಿಸ್ಟಿಲರಿಯೂ ಗಿರಾಕಿಯಾಗಿ ನಿಂತಿತು. ಗೋವಿನಜೋಳ ರಫ್ತು ಮಾಡುತ್ತಿದ್ದ ದೇಶ 2024ರಲ್ಲಿ ಮ್ಯಾನ್ಮಾರ್, ಉಕ್ರೇನ್‌ನಿಂದ ತರಿಸಿಕೊಂಡಿತು. ಇದೆಲ್ಲ ಹಳ್ಳಿಗೆ ತಲುಪುವಾಗ ಒಂದೇ ಮಾತಾಗಿರುತ್ತದೆ: "ಇನ್ನ ಗೋವಿನಜೋಳಕ್ಕ ರೇಟ್ ಬೀಳೂದಿಲ್ಲ." ಮಾವ ನಂಬಿದರು. ನಾನಾಗಿದ್ದರೂ ನಂಬುತ್ತಿದ್ದೆ.

ಮೊದಲು ಬದಲಾದದ್ದು ಅವರ ಸ್ವಂತ ಹೊಲ. ಅಲ್ಲಿ ಜೋಳದ ಜತೆ ತೊಗರಿ, ಅವರೆ, ಅಲಸಂದಿಯ ಅಕ್ಕಡಿ ಸಾಲು ಇರುತ್ತಿತ್ತು. ಗೋವಿನಜೋಳಕ್ಕೆ ಹೊಡೆಯುವ ಕಳೆನಾಶಕ ಆ ದ್ವಿದಳಗಳನ್ನು ಉಳಿಯಗೊಡುವುದಿಲ್ಲ, ಅಕ್ಕಡಿ ಹೋಯಿತು. ಜೋಳ ಹೋದದ್ದರಿಂದ ಕಣಿಕೆ ಬಣವೆಯೂ ಹೋಯಿತು. ಅಕ್ಕ ಈಗ ರೊಟ್ಟಿಗೆ ಜೋಳ ಸಂತೆಯಿಂದ ತರಿಸುತ್ತಾಳೆ, ಅದನ್ನು ಹೇಳುವಾಗ ಮಾವನ ಮುಖ ನೋಡುವುದಿಲ್ಲ. ಮನೆಯ ಮೇವು ಇಲ್ಲದ ದನಗಳು ಗೋಮಾಳವನ್ನೇ ನಂಬಿದವು. ಆಮೇಲೆ ಅದಕ್ಕೂ ನೇಗಿಲು ಬಿತ್ತು, ಎಮ್ಮೆಗಳನ್ನು ಮಾರಿದರು.

ಇದರಲ್ಲಿ ಇನ್ನೊಂದು ಸುತ್ತು ಇದೆ, ಅದು ಹೊಳೆದದ್ದು ವಾಪಸ್ ಬರುವ ಬಸ್ಸಿನಲ್ಲಿ. ನಮ್ಮ ಭೂಕಂದಾಯ ನಿಯಮದಲ್ಲಿ ಊರಿನ ನೂರು ದನಕ್ಕೆ ಮೂವತ್ತು ಎಕರೆ ಗೋಮಾಳ ಇರಬೇಕು. ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚುವರಿ, ಬೇರೆಯದಕ್ಕೆ ಕೊಡಬಹುದು. ಹಾಗಾದರೆ ಮೇವು ಕಳೆದು ದನ ಮಾರಿದಷ್ಟೂ ಗೋಮಾಳ ಕಾಗದದ ಮೇಲೆ ಹೆಚ್ಚುವರಿಯಾಗುತ್ತ ಹೋಗುತ್ತದೆ! ಯಾರೂ ಕಾನೂನು ಮುರಿಯಬೇಕಿಲ್ಲ. ಹಾದುಹೋಗುವ ಅಜ್ಜನ ಕುರಿ ಈ ಊರಿನ ದನದ ಲೆಕ್ಕದಲ್ಲಿ ಬರುವುದಿಲ್ಲ. ಚಿಗರಿ, ತೋಳ, ಲಾವಕ್ಕಿಗಳಂತೂ ಕೇಳಲೇಬೇಡಿ.

ಬ್ರೆಜಿಲ್ ಎಥನಾಲ್‌ನ ಈ ದಾರಿಯಲ್ಲಿ 1975ರಿಂದ ನಡೆಯುತ್ತಿದೆ. ತೈಲ ಬಿಕ್ಕಟ್ಟಿನ ಬೆನ್ನಿಗೆ ಅಲ್ಲಿ ಕಬ್ಬಿನಿಂದ ಎಥನಾಲ್ ಮಾಡುವ ಸರ್ಕಾರಿ ಯೋಜನೆ ಶುರುವಾಯಿತು. ಅಲ್ಲಿಯ ಸೆರಾಡೊ ಎಂಬ ಹುಲ್ಲು-ಕುರುಚಲು ಸೀಮೆ ಸುಮಾರು 20 ಲಕ್ಷ ಚದರ ಕಿಲೋಮೀಟರಿನದು, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಈಗಾಗಲೇ ಇಲ್ಲ. ಸೋಯಾ, ದನ, ಕಬ್ಬು ಎಲ್ಲದರ ಪಾಲೂ ಇದೆ. ಕಬ್ಬಿನವರ ಸಮರ್ಥನೆ ಏನೆಂದರೆ, ನಾವು ಬಂದದ್ದು ಹಳೆಯ ದನದ ಕಾವಲುಗಳ ಮೇಲೆ, ಕಾಡು ಕಡಿದಿಲ್ಲ. ಬಹುಪಾಲು ನಿಜವೇ. ಆದರೆ ಕಾವಲಿನಿಂದ ಎದ್ದ ದನ ಎಲ್ಲಿಗೆ ಹೋಗಬೇಕು? ಮುಂದಿನ ಸೀಮೆಗೆ. ಮಾವನನ್ನು ಕೇಳಿದರೂ ಇದೇ ಉತ್ತರ, ನಾನೇನು ಕಾಡು ಕಡಿದೆನಾ ಅಂತ. ಅಜ್ಜನಿಗೆ ರೋಡ್ ತೋರಿಸಿದ್ದೂ ಇದೇ ಲೆಕ್ಕದಲ್ಲಿ.

ಹುಲ್ಲನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎನ್ನುವುದಕ್ಕೆ ರಾಣೆಬೆನ್ನೂರಿನವರು ದೂರ ಹೋಗಬೇಕಿಲ್ಲ. ಪಕ್ಕದಲ್ಲೇ 1974ರಲ್ಲಿ ಘೋಷಣೆಯಾದ ಕೃಷ್ಣಮೃಗ ಅಭಯಾರಣ್ಯವಿದೆ, 119 ಚದರ ಕಿಲೋಮೀಟರ್. ಅದರೊಳಗೆ ಬಹುಪಾಲು ನಿಂತಿರುವುದು ನೀಲಗಿರಿ ನೆಡುತೋಪು. ಬಯಲಿನಲ್ಲಿ ಬದುಕುವ ಪ್ರಾಣಿಗೆ ಮರ ನೆಟ್ಟು ರಕ್ಷಣೆ. ಅಲ್ಲಿದ್ದ ಎರೆಭೂತ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಕಣ್ಮರೆಯಾಗಿ ಎಷ್ಟೋ ಕಾಲವಾಯಿತು. ಆಮೇಲೆ ಬೀಜದೆಣ್ಣೆಯಿಂದ ಡೀಸೆಲ್ ಮಾಡುವ ಜಟ್ರೋಫಾ ಗಿಡದ ಸರದಿ ಬಂತು. 2003ರಲ್ಲಿ ಯೋಜನಾ ಆಯೋಗದ ಸಮಿತಿ ಕೋಟಿ ಹೆಕ್ಟೇರಿಗೂ ಮಿಕ್ಕಿ ನೆಡುವ ಮಾತಾಡಿತ್ತು, ಪಾಳುಭೂಮಿಯಲ್ಲಿ ಡೀಸೆಲ್ ಬೆಳೆಯಬಹುದು ಅಂತ. ಬೀಜ ನಿರೀಕ್ಷೆಯಷ್ಟು ಬರಲಿಲ್ಲ, ಯೋಜನೆ ತಣ್ಣಗಾಯಿತು. ಪಾಳು ಎಂದು ಅವರು ಬರೆದದ್ದರಲ್ಲಿ ನಮ್ಮ ಕುರಿ ಮೇಯುವ ಎಷ್ಟೋ ಬಯಲುಗಳೂ ಸೇರಿದ್ದವು.

ನಾನೂ ಕಾರಿಗೆ ಇ20, ಅಂದರೆ ಶೇ. 20 ಎಥನಾಲ್ ಬೆರೆತ ಪೆಟ್ರೋಲ್, ಹಾಕಿಸುವವನೇ. ಬಂಕಿನಲ್ಲಿ ನಿಂತು ಲೆಕ್ಕ ಹಾಕಿದೆ. ಒಂದು ಕ್ವಿಂಟಲ್ ಗೋವಿನಜೋಳಕ್ಕೆ ಸುಮಾರು 38 ಲೀಟರ್ ಎಥನಾಲ್. ನಲವತ್ತು ಲೀಟರ್ ಟ್ಯಾಂಕಿನಲ್ಲಿ ಎಂಟು ಲೀಟರ್ ಎಥನಾಲ್, ಅದೆಲ್ಲ ಗೋವಿನಜೋಳದ್ದೇ ಅಂದುಕೊಂಡರೆ 21 ಕಿಲೋ ಕಾಳು. ಪೆಟ್ರೋಲ್ ಹಾಕುವ ಹುಡುಗ "ಸರ್, ಝೀರೋ ನೋಡ್ಕೊಳಿ" ಎಂದ.

ಇಷ್ಟೆಲ್ಲ ಆಗಿ ಮಾವನಿಗೆ ಸಿಕ್ಕಿದ್ದೇನು? 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಇತ್ತು. ಸುಗ್ಗಿಯಲ್ಲಿ ಮಾರುಕಟ್ಟೆಯಲ್ಲಿ ಕೇಳಿದ್ದು 1,600ರಿಂದ 1,800. ಡಿಸ್ಟಿಲರಿಗಳಿಗೆ ಭಾರತೀಯ ಆಹಾರ ನಿಗಮದ (ಎಫ್‌ಸಿಐ) ಅಕ್ಕಿಯನ್ನೇ ಕ್ವಿಂಟಲ್‌ಗೆ 2,250ರಂತೆ ಕೊಡಲು ಸರ್ಕಾರ ತೀರ್ಮಾನಿಸಿದ ಮೇಲೆ ಗೋವಿನಜೋಳವೊಂದನ್ನೇ ಅವರು ಕಾಯಬೇಕಿರಲಿಲ್ಲ. ರೈತರು ರಸ್ತೆ ತಡೆದರು, ಮಾವನೂ ಒಂದು ದಿನ ಹೋಗಿ ಕೂತು ಬಂದರಂತೆ. ಅವರ ಸಿಟ್ಟು ನ್ಯಾಯವಾದದ್ದು. ಬೆಳೆಯಿರಿ ಎಂದವರು ಕೊಳ್ಳುವ ಹೊತ್ತಿಗೆ ಕಾಣಲಿಲ್ಲ.

ಆದರೆ ರೇಟು ಬಿತ್ತು ಅಂತ ಗೋಮಾಳ ಮರಳಿ ಬರುವುದಿಲ್ಲ. ಬೇಲಿಯ ಬದುವಿನಲ್ಲಿ ಕಿತ್ತು ಎಸೆದಿದ್ದ ಕರಡದ ಬುಡವೊಂದನ್ನು ಎತ್ತಿ ನೋಡಿದೆ. ಮೇಲೆ ಗೇಣುದ್ದ ಒಣ ಹುಲ್ಲು, ಕೆಳಗೆ ಹಿಡಿಗೆ ಸಿಗದಷ್ಟು ದಪ್ಪ ಬೇರಿನ ಕಂತೆ, ಅದರ ನಡುವೆ ಇನ್ನೂ ಮಣ್ಣು ಕಚ್ಚಿಕೊಂಡಿತ್ತು. ಪ್ರತಿ ವರ್ಷ ಬೆಂಕಿ ತಿಂದು, ಕುರಿ ಮೇಯ್ದು, ಬರ ಕಂಡು ಮತ್ತೆ ಚಿಗುರುತ್ತಿದ್ದದ್ದು ಈ ಬುಡದಿಂದ. ಉತ್ತ ನೆಲವನ್ನು ಬೀಳು ಬಿಟ್ಟರೆ ಮೊದಲು ಪಾರ್ಥೇನಿಯಂ ಬರುತ್ತದೆ.

ನಿನ್ನೆ ಫೋನ್ ಮಾಡಿದಾಗ ಕೇಳಿದೆ, ರೇಟು ಹಿಂಗಾದರೆ ಗೋಮಾಳದ ತುಂಡನ್ನು ಬಿಟ್ಟುಬಿಡಬಹುದಲ್ಲ ಅಂತ. ಮಾವ ನಕ್ಕರು. "ಬಿಡ್ತಾರೇನೋ? ಬಗರ್‌ಹುಕುಂ ಅರ್ಜಿ ಐತಿ. 2005ಕ್ಕಿಂತ ಮೊದ್ಲಿಂದ ಉಳಾಕತ್ತೀನಿ ಅಂತ ಬರಸೀನಿ." ಸರ್ಕಾರಿ ಜಾಗ ಉತ್ತವರು ಅದನ್ನು ತಮ್ಮ ಹೆಸರಿಗೆ ಸಕ್ರಮ ಮಾಡಿಕೊಡಿ ಎಂದು ಕೇಳುವ ಅರ್ಜಿ ಅದು. 2005ರಲ್ಲಿ ಅಲ್ಲಿ ಬಾರೆಹಣ್ಣು ಆರಿಸಿದ ಪೈಕಿ ನಾನೂ ಒಬ್ಬ ಎಂದೆ. "ನೀ ಬೆಂಗಳೂರಾಗ ಇದ್ದೀ, ಸುಮ್ನಿರು," ಎಂದರು. ಮುಂದಿನ ವರ್ಷ ಬೋರ್ ಹಾಕಿಸಿ ಅಡಿಕೆ ಹಚ್ಚುತ್ತಾರಂತೆ.