ಬಾರ್ಕೂರಿಗೆ ಹೋಗುವವರು ಮೊದಲು ಹೊಳೆ ನೋಡಿ

ಬಾರ್ಕೂರು ನೋಡಲು ಹೊರಟವರು ಉಡುಪಿ ಹತ್ತಿರದ ಮಲ್ಪೆ ಕಡೆ ಕಡಲು ಕಾಣುವ ರೂಮು ಅಂತ 2,800 ರೂಪಾಯಿ ಕೊಟ್ಟೆವು. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ! ಕೇಳಿದರೆ, ಟೆರೇಸಿಗೆ ಹೋಗಿ, ಅಲ್ಲಿಂದ ಕಾಣುತ್ತದೆ ಅಂದರು. ಹೊರಗೆ ಶನಿವಾರದ ಜನ. ನನಗೆ ಗಲಾಟೆ ಆಗಿಬರುವುದಿಲ್ಲ. ಬೆಳಿಗ್ಗೆಯೇ ರೂಮು ಬಿಟ್ಟೆವು. ನೀವು ಉಡುಪಿ ಪೇಟೆಯಲ್ಲೇ ಉಳಿದು ನೇರ ಬಾರ್ಕೂರಿಗೆ ಹೋಗಿ. ಕುಂದಾಪುರದ ಬಸ್ ಹತ್ತಿ ಬ್ರಹ್ಮಾವರದಲ್ಲಿ ಇಳಿಯಬೇಕು. ಅಲ್ಲಿಂದ ಆಟೋ ಮಾಡಿದರೆ ಹತ್ತುವ ಮೊದಲೇ ರೇಟು ಕೇಳಿ.

ಕತ್ತಲೆ ಬಸದಿ, ಕೋಟೆ ಎಲ್ಲ ನೋಡಿದೆವು. ಆದರೆ ಇಷ್ಟು ಚಿಕ್ಕ ಊರು, ಹಿಂದೆ ಈ ಕರಾವಳಿ ಆಳಿದ ಆಳುಪ ಅರಸರ ರಾಜಧಾನಿ ಯಾಕಾಯ್ತು ಅನ್ನುವುದು ಹೊಳೆದಿದ್ದು ಸೀತಾ ನದಿ ದಡದಲ್ಲಿ. ನೀರಲ್ಲೊಂದು ತೆಂಗಿನ ಸಿಪ್ಪೆ ತೇಲುತ್ತಿತ್ತು. ಕಡಲ ಕಡೆಗಲ್ಲ, ಘಟ್ಟದ ಕಡೆಗೆ! ಉಬ್ಬರದ ಹೊತ್ತು ಅದು. ಹಿಂದಿನ ದೋಣಿಗಳೂ ಹೀಗೇ ನೀರು ಏರುವಾಗ ಒಳಗೆ ಬಂದು, ಇಳಿಯುವಾಗ ಹೊರಗೆ ಹೋಗುತ್ತಿದ್ದವು. ಜೂನ್‌ನಿಂದ ಕಡಲು ಕೆರಳಿದಾಗ ದೋಣಿ ನಿಲ್ಲಿಸಲು ಹೊಳೆಯೇ ಗತಿ, ಅಲ್ವಾ? ಆಳುಪರ ಮೂರೂ ರಾಜಧಾನಿಗಳನ್ನು ನೋಡಿ: ಮಂಗಳೂರು, ಉದ್ಯಾವರ, ಬಾರ್ಕೂರು. ಮೂರೂ ಹೊಳೆ ಕಡಲು ಸೇರುವಲ್ಲಿಗೆ ಹತ್ತಿರ. ಬೆನ್ನಿಗೆ ಗೋಡೆಯಂಥ ಘಟ್ಟ. ಘಟ್ಟದ ಮೇಲೆ ಬಾದಾಮಿ ಚಾಲುಕ್ಯರು ಹೋಗಿ, ಮುಂದೆ ಹೊಯ್ಸಳರು ಬಂದರೂ ಇಲ್ಲಿ ಆಳುಪರೇ ಉಳಿದರು.

ಊಟದ ವಿಷಯ ಮಾತ್ರ ಬಿಡಿಸಿ ಹೇಳಲೇಬೇಕು. ರಸ್ತೆ ಬದಿಯ ಹಂಚಿನ ಮಾಡಿನ ಹೋಟೆಲು, ನಾಲ್ಕೇ ಬೆಂಚು. "ಬನ್ನಿ, ಕೂಕಣಿ" ಅಂದರು ಒಬ್ಬ ಅಮ್ಮ. ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಮಿಡಿ ಉಪ್ಪಿನಕಾಯಿ. 50 ರೂಪಾಯಿಗೆ ಹೊಟ್ಟೆ ತುಂಬಾ. ಗಂಜಿಯ ಹಬೆಗೆ ನನ್ನ ಕನ್ನಡಕ ಮಂಜಾಯಿತು. ಅಕ್ಕಿಯ ಅಗುಳು ದಪ್ಪ, ಕೆಂಪು, ಜಗಿದಷ್ಟೂ ಸಿಹಿ. ಬೈಲು ಗದ್ದೆಗೆ ಮೂರು ಬೆಳೆ, ನಡುಮಟ್ಟದ ಮಜಲು ಗದ್ದೆಗೆ ಎರಡು, ಎತ್ತರದ ಬೆಟ್ಟು ಗದ್ದೆಗೆ ಮಳೆಗಾಲದ ಒಂದೇ ಅಂತ ಅವರೇ ವಿವರಿಸಿದರು. ಬೈಲೆಂದರೆ ತಗ್ಗಿದ ನೆಲ, ಬೇಸಿಗೆಯಲ್ಲೂ ಆರದ ತೇವ. ಹತ್ತಿರದ ಬಸ್ರೂರು ಬಂದರಿನಿಂದ ಪೋರ್ಚುಗೀಸರು ಸುಮ್ನೆ ಅಕ್ಕಿ ಒಯ್ಯುತ್ತಿದ್ದರಾ! ಮಿಕ್ಕುವಷ್ಟು ಬೆಳೆದ ಅಕ್ಕಿಯೂ ಇಲ್ಲಿನ ಬಂದರುಗಳನ್ನು ಬದುಕಿಸಿತು.

ಊಟ ಆದ ಮೇಲೆ ಮತ್ತೆ ಬಸದಿಗೆ ಹೋದೆವು. ಆಗ ಕಣ್ಣು ಹೋಗಿದ್ದು ಅದರ ಮಾಡಿನ ಮೇಲೆ. ಘಟ್ಟದ ಮೇಲಿನ ಗುಡಿಗಳಂತೆ ಎತ್ತರದ ಗೋಪುರ ಇಲ್ಲ. ಮಳೆ ಜಾರಿಹೋಗಲಿ ಅಂತ ಮನೆಯಂತೇ ಇಳಿಜಾರು. ಬೆಳಿಗ್ಗೆ ಇದೇ ಜಾಗದಲ್ಲಿ ಬರೀ ಕಂಬದ ಫೋಟೋ ತೆಗೆದುಕೊಂಡು ಹೋಗಿದ್ದೆ.

ಅಕ್ಟೋಬರ್ ಕಳೆದ ಮೇಲೆ ಹೋಗಿ, ವಾರದ ದಿನವಾದರೆ ಒಳ್ಳೆಯದು. ಉಬ್ಬರದ ಹೊತ್ತು ದಿನವೂ ಸುಮಾರು ಮುಕ್ಕಾಲು ಗಂಟೆ ಮುಂದೆ ಹೋಗುತ್ತದೆ. ಹಾಗಾಗಿ ಮೀನು ಹಿಡಿಯುವವರನ್ನು ಕೇಳಿಕೊಂಡೇ ಹೊಳೆ ದಡಕ್ಕೆ ಹೋಗಿ. ಗಂಜಿ ಎರಡು ಗಂಟೆಗೆಲ್ಲ ಖಾಲಿ.