ಲಾರ್ಡ್ ಪದವಿಗೆ ವಾರಸಾ ಹೇಗೆ: ರಾಯಪುರದ ಸಿನ್ಹಾ ಪ್ರಕರಣ

ಕಲಬುರಗಿಯ ತಹಶೀಲ್ ಕಚೇರಿಯಲ್ಲಿ ಪೌತಿ ಖಾತೆ ಮಾಡಿಸಿದವರಿಗೆ ಮರಣ ಪ್ರಮಾಣಪತ್ರ, ವಂಶಾವಳಿ, ದಾಯಾದಿಗಳ ತಕರಾರು ಯಾವುದೂ ಹೊಸದಲ್ಲ. ಬ್ರಿಟನ್ನಿನ ವಂಶಪಾರಂಪರ್ಯ ಲಾರ್ಡ್ ಪದವಿಗೂ ಹೆಚ್ಚುಕಡಿಮೆ ಇವೇ ಕಾಗದ ಬೇಕು. ಆದರೆ ಪದವಿಯನ್ನು ಹೊಲದ ಹಾಗೆ ಮಾರಲು, ಮೃತ್ಯುಪತ್ರದಲ್ಲಿ ಬರೆದುಕೊಡಲು ಬರುವುದಿಲ್ಲ. ಅದು ಯಾರಿಗೆ ಇಳಿಯಬೇಕೆಂದು ರಾಜ ಕೊಟ್ಟ ಸನದಿನಲ್ಲೇ ಬರೆದಿರುತ್ತದೆ. ಆ ಸನದಿಗೆ ಅಲ್ಲಿ ಲೆಟರ್ಸ್ ಪೇಟೆಂಟ್ ಎನ್ನುತ್ತಾರೆ.

ಬಹುತೇಕ ಸನದುಗಳ ಷರತ್ತು: ಮೊದಲ ಲಾರ್ಡನ ಸ್ವಂತ ಸಂತತಿ, ಕಾನೂನುಬದ್ಧ ಮದುವೆಯಲ್ಲಿ ಹುಟ್ಟಿದ್ದು, ಗಂಡಿನಿಂದ ಗಂಡಿಗೆ. ದತ್ತಕ ಮಗನಿಗೆ ಸಿಗದು. ನಿಜಾಮರ ಕಾಲದ ಜಾಗೀರುಗಳಂತೆ ವಿರಾಸತ್ ಮಂಜೂರಾಗಲಿ ಎಂದು ಕಾಯಬೇಕಿಲ್ಲ. ತಂದೆ ಕಣ್ಣುಮುಚ್ಚಿದ ಗಳಿಗೆಗೇ ಮಗ ಲಾರ್ಡ್. ಅರ್ಜಿ ಏನಿದ್ದರೂ ಅದನ್ನು ರುಜುವಾತು ಮಾಡಲು.

ರುಜುವಾತು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದಕ್ಕೆ ಸಿನ್ಹಾ ಪ್ರಕರಣ ನೋಡಬೇಕು. ಸತ್ಯೇಂದ್ರ ಪ್ರಸನ್ನ ಸಿನ್ಹಾ 1919ರಲ್ಲಿ ರಾಯಪುರದ ಬ್ಯಾರನ್ (ಲಾರ್ಡ್ ಪದವಿಯ ಒಂದು ದರ್ಜೆ) ಆದರು. (ಈ ರಾಯಪುರ ಛತ್ತೀಸಗಢದ್ದಲ್ಲ, ಬಂಗಾಳದ ಬೀರಭೂಮ್ ಜಿಲ್ಲೆಯದು.) ಅವರು ತೀರಿಕೊಂಡದ್ದು 1928ರಲ್ಲಿ. ಮಗ ಅರುಣ್ ಕುಮಾರರ ಹಕ್ಕು ಇತ್ಯರ್ಥವಾದದ್ದು 1939ರಲ್ಲಿ! ತಕರಾರಿದ್ದದ್ದು ತಂದೆತಾಯಿಯ ಮದುವೆಯ ಮೇಲೆ. 1880ರ ಹಿಂದೂ ಮದುವೆ. ಆಗಿನ ಕಾನೂನಿನಲ್ಲಿ ಗಂಡ ಇನ್ನೊಬ್ಬಳನ್ನು ಕಟ್ಟಿಕೊಳ್ಳಬಹುದಿತ್ತು. ಇಂಥ ಮದುವೆಯನ್ನು ಸನದಿನ ಲೆಕ್ಕಕ್ಕೆ ಮದುವೆ ಎನ್ನಬಹುದೇ? ಸಿನ್ಹಾ ಎರಡನೇ ಮದುವೆ ಆಗಿರಲಿಲ್ಲ. ಮಗ ಹುಟ್ಟುವ ಮೊದಲೇ ಏಕಪತ್ನಿ ನಿಯಮದ ಬ್ರಹ್ಮ ಸಮಾಜ ಸೇರಿದ್ದರು. ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನ ಪ್ರಿವಿಲೆಜಸ್ ಸಮಿತಿ ಇದನ್ನು ನೋಡಿ ಹಕ್ಕನ್ನು ಎತ್ತಿಹಿಡಿಯಿತು. ತೀರ್ಪು ಸರಿ, ಆದರೆ ಎರಡನೇ ಮದುವೆಯೇ ಆಗದವರಿಗೆ ಈ ಪರೀಕ್ಷೆ ಬೇಕಿತ್ತೇ ಎಂಬ ಕಿರಿಕಿರಿ ಉಳಿಯುತ್ತದೆ.

ಈಗ ಲಾರ್ಡ್‌ಗಳ ಅಧಿಕೃತ ಪಟ್ಟಿ ಇದೆ, 2004ರ ರಾಜಾಜ್ಞೆಯಿಂದ. ಹೆಸರು ಅದರಲ್ಲಿ ಏರದಿದ್ದರೆ ಸರ್ಕಾರಿ ಕಾಗದಗಳಲ್ಲಿ ಲಾರ್ಡ್ ಎಂದು ಬರೆಯುವುದಿಲ್ಲ. ತಂದೆಯ ಮದುವೆ, ತನ್ನ ಜನನ, ತಂದೆಯ ಮರಣ, ಈ ಮೂರರ ದಾಖಲೆ ಮೊದಲು. ಪದವಿ ಅಣ್ಣತಮ್ಮಂದಿರ ಶಾಖೆಗೆ ಹೊರಳಿದರೆ ಕೆಲಸ ಕಠಿಣ: ಹಿರಿಯ ಶಾಖೆಯಲ್ಲಿ ಹಕ್ಕುಳ್ಳ ಗಂಡು ಸಂತತಿ ಯಾರೂ ಉಳಿದಿಲ್ಲವೆಂದು ತೋರಿಸಬೇಕು. ಇಲ್ಲದ್ದನ್ನು ಇಲ್ಲವೆಂದು ಸಾಬೀತು ಮಾಡುವುದೇ ಕಷ್ಟ. ಭಾರತದಲ್ಲಿ ಜನನ–ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದದ್ದೇ 1969ರಲ್ಲಿ. ನಮ್ಮ ಕಡೆಯ ಅರ್ಧ ಹಿರಿಯರು ಶಾಲಾ ದಾಖಲೆಯಲ್ಲಿ ಜೂನ್ 1ಕ್ಕೇ ಹುಟ್ಟಿದವರು.

ಪದವಿ ಬೇಡವೆನ್ನಲೂ ದಾರಿ ಇದೆ. 1963ರ ಪೀರೇಜ್ (ಲಾರ್ಡ್ ಪದವಿ) ಕಾಯ್ದೆಯಂತೆ, ಪದವಿ ಬಂದ 12 ತಿಂಗಳೊಳಗೆ ಬಿಟ್ಟುಕೊಡಬಹುದು. ಬಿಟ್ಟವನ ಜೀವಮಾನಕ್ಕಷ್ಟೇ ಅದು ಅನ್ವಯ. ಅವನ ನಂತರ ಮಗನಿಗೆ ಮತ್ತೆ ಬರುತ್ತದೆ.